ಕಲ್ಲಿಗೂ ಮರೆವು

ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿರುವುದು ಮೂರೇ ಮೂರು ಸಂಖ್ಯೆ. ಎದುರು ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗಲೆಲ್ಲ ಅದನ್ನು ನೋಡಿ, "ಇದೇನ್ರೀ, ಬ್ಯಾಂಕ್ ಲಾಕರಿನ ನಂಬರನ್ನ ಹೀಗೆ ಬಟಾಬಯಲು ಮಾಡಿದ್ದೀರಿ?" ಎನ್ನುತ್ತಾರೆ. ಗ್ಯಾಸಿನವರ ನಂಬರು, ಹಾಲಿನವನ ನಂಬರು, ಮಗನ ಆಫೀಸಿನ ನಂಬರು ಎಲ್ಲವೂ ಆ ಬಾಗಿಲ ಮೇಲೆ ಇವೆ. ಅವುಗಳ ನಡುವೆ ಈ ಮೂರು ಸಂಖ್ಯೆ ಯಾರಿಗೂ ಅರ್ಥವಾಗುವಂಥವಲ್ಲ. ಅವು ನನ್ನ ವಾಕಿಟಾಕಿಯವು.

ಆ ಚೀಟಿ ಅಲ್ಲಿಗೆ ಬಂದದ್ದು 2019ರ ಆಗಸ್ಟ್ ಮಳೆಯಾದ ಮೇಲೆ. ಅದನ್ನು ಹೇಳುವ ಮೊದಲು ಈ ವಾಕಿಟಾಕಿ ನನ್ನ ಕೈಗೆ ಹೇಗೆ ಬಂತು, ಅದು ಯಾರ ಯಾರ ಕೈ ದಾಟಿ ಬಂತು ಎಂಬುದನ್ನು ಹೇಳಬೇಕು.

ನಾನು ಹ್ಯಾಮ್. ಹಾಗೆಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವಳು. ಆಕಾಶವಾಣಿಯನ್ನು ನಾವು ಕೇಳುತ್ತೇವೆ, ಅದು ನಮ್ಮ ಮಾತು ಕೇಳುವುದಿಲ್ಲ. ಹ್ಯಾಮ್ ರೇಡಿಯೋ ಹಾಗಲ್ಲ, ಅದು ಎರಡೂ ಕಡೆಯ ಮಾತು. ಇದಕ್ಕೆ ಕೇಂದ್ರ ಸರ್ಕಾರದ ಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು. ವ್ಯಾಪಾರದ ಮಾತು ಆಡಬಾರದು, ಹಾಡು ಹಾಕಬಾರದು, ಪ್ರತಿ ಸಲವೂ ನಮಗೆ ಕೊಟ್ಟ ಕಾಲ್ ಸೈನ್ ಹೇಳಬೇಕು. ನಮ್ಮ ದೇಶದ ಕಾಲ್ ಸೈನ್‌ಗಳು ಹೆಚ್ಚಾಗಿ 'ವಿಯು' ಎಂಬ ಅಕ್ಷರಗಳಿಂದ ಶುರುವಾಗುತ್ತವೆ. ನಾನು ಮೋರ್ಸ್ ಕೋಡಿನ ಕಟ್ಟುಕಡ ಕಲಿತು ಪರೀಕ್ಷೆ ಬರೆದದ್ದು 1997ರಲ್ಲಿ. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ಅರ್ಜಿಯನ್ನು ಎರಡು ಸಲ ಓದಿ, "ಯಜಮಾನರನ್ನ ಕರೀರಿ ಅಮ್ಮಾ, ವೈರ್‌ಲೆಸ್ ಯಾಕೆ ಬೇಕಂತೆ ಕೇಳ್ಬೇಕು" ಎಂದರು. ನಮ್ಮವರು ಒಳಗಿನಿಂದಲೇ, "ಅದು ನಂಗಲ್ಲ, ಅವಳಿಗೇ. ನಂಗೆ ಮನೇಲಿ ಮಾತಾಡೋಕ್ಕೇ ಅವಕಾಶ ಇಲ್ಲ" ಎಂದು ಉತ್ತರ ಕೊಟ್ಟರು.

ನಮ್ಮ ಈ ಲೋಕದಲ್ಲಿ ಒಂದು ಚೆಂದದ ಪದ್ಧತಿ ಇದೆ. ಇಲ್ಲಿ ಗಂಡಸರೆಲ್ಲ 'ಓಎಂ', ಎಂದರೆ ಮುದುಕರು. ಹದಿನಾರರ ಹುಡುಗನಾದರೂ ಸರಿ. ಹೆಂಗಸರೆಲ್ಲ 'ವೈಎಲ್', ಎಂದರೆ ಎಳೆಯ ಪ್ರಾಯದವರು. ಎಪ್ಪತ್ತರ ಅಜ್ಜಿಯಾದರೂ ಸರಿ. ಅಮೆರಿಕದಲ್ಲಿ ಎಥೆಲ್ ಸ್ಮಿತ್ ಎಂಬಾಕೆ 1939ರಲ್ಲಿ ಈ ವೈಎಲ್‌ಗಳದೇ ಒಂದು ಸಂಘ ಕಟ್ಟಿದರು. ಮಾತು ಮುಗಿಸುವಾಗ ಹ್ಯಾಮ್‌ಗಳು 'ಎಪ್ಪತ್ತಮೂರು' ಎನ್ನುತ್ತಾರೆ, ಶುಭವಾಗಲಿ ಎಂದು ಅರ್ಥ. ಹೆಂಗಸರು ಹೆಂಗಸರಿಗೆ ಹೇಳಲೆಂದೇ 'ಮೂವತ್ತಮೂರು' ಎಂಬ ಸಂಖ್ಯೆ ಬೇರೆ ಇದೆ. ಗೆಳತಿಯರ ನಡುವಿನ ಒಲವು ಎಂದು ಅದರ ತಾತ್ಪರ್ಯ. ಸಂಖ್ಯೆಯಲ್ಲಿ ಒಲವನ್ನು ಹೇಳುವ ಈ ಜನರ ಜೊತೆ ಸೇರಿದ ಮೇಲೆ ನನಗೂ ಸಂಖ್ಯೆಗಳ ಮೇಲೆ ಪ್ರೀತಿ ಬಂತು.

ಕೈಯಲ್ಲಿ ಹಿಡಿದು ಮಾತಾಡುವ ಸೆಟ್ಟು ಹುಟ್ಟಿದ್ದು ಯುದ್ಧಕ್ಕಾಗಿ. ಮುಂದೆ ಮೊಟೊರೋಲಾ ಎಂದು ಹೆಸರಾದ ಶಿಕಾಗೋದ ಗ್ಯಾಲ್ವಿನ್ ಕಂಪನಿ ಅಮೆರಿಕದ ಸೇನೆಗೆ 'ಹ್ಯಾಂಡಿ ಟಾಕಿ' ಎಂಬ ಸೆಟ್ಟನ್ನು ಮಾಡಿಕೊಟ್ಟಿತು. 1941ರಲ್ಲಿ ಅದು ಬಳಕೆಗೆ ಬಂತು. ತೂಕ ಸುಮಾರು ಎರಡೂಕಾಲು ಕಿಲೋ, ಒಳಗೆ ಐದು ವಾಲ್ವು. ಆಂಟೆನಾ ಹೊರಗೆ ಎಳೆದರೆ ಸೆಟ್ಟು ಚಾಲೂ ಆಗುತ್ತಿತ್ತು, ಒಳಗೆ ತಳ್ಳಿದರೆ ಬಂದ್. ಮಾತು ನೆಲದ ಮೇಲೆ ಹೋಗುತ್ತಿದ್ದದ್ದು ಒಂದೂವರೆ ಕಿಲೋಮೀಟರಿನಷ್ಟು ದೂರ. ಆದರೂ ನೀರು ಒಳಗೆ ಹೋಗದ ಹಾಗೆ, ಕೆಸರಲ್ಲಿ ಬಿದ್ದರೂ ಕೆಡದ ಹಾಗೆ ಅದನ್ನು ಕಟ್ಟಿದ್ದರು. ನಾವು ಹ್ಯಾಮ್‌ಗಳು ಇವತ್ತಿಗೂ ಕೈಸೆಟ್ಟಿಗೆ 'ಹ್ಯಾಂಡಿ' ಎನ್ನುವುದು ಆ ಹೆಸರಿನ ಉಳಿಕೆ.

ನಾನು ಹೇಳಬೇಕೆಂದಿರುವುದು ಆ ಪೆಟ್ಟಿಗೆಯ ಒಳಗೆ ಇದ್ದ ಕಲ್ಲಿನ ವಿಷಯ. ಸೆಟ್ಟು ಯಾವ ಕಂಪನಾಂಕದಲ್ಲಿ, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡಬೇಕು ಎಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ? ಈಗ ನಾವು 'ಪ್ರೋಗ್ರಾಮ್ ಮಾಡುವುದು' ಎನ್ನುವ ಆ ಕೆಲಸವನ್ನು ಆಗ ಮಾಡುತ್ತಿದ್ದದ್ದು ಬೆಣಚುಕಲ್ಲಿನ ಹರಳು. ಆ ಹರಳಿನ ತೆಳುವಾದ ಬಿಲ್ಲೆಗೆ ವಿದ್ಯುತ್ತು ಹಾಯಿಸಿದರೆ ಅದು ಒಂದೇ ಗತಿಯಲ್ಲಿ ಕಂಪಿಸುತ್ತದೆ. ಜಲತರಂಗದಲ್ಲಿ ಸಣ್ಣ ಬಟ್ಟಲಿನ ಸ್ವರ ಮೇಲೆ, ದೊಡ್ಡ ಬಟ್ಟಲಿನ ಸ್ವರ ಕೆಳಗೆ. ಹರಳಿನಲ್ಲೂ ಹಾಗೆಯೇ, ಬಿಲ್ಲೆ ತೆಳುವಾದಷ್ಟೂ ಕಂಪನ ಹೆಚ್ಚು. ಒಂದು ಹರಳಿಗೆ ಒಂದೇ ಸ್ವರ. ಸ್ವರ ಬದಲಾಗಬೇಕಾದರೆ ಹರಳನ್ನೇ ಬದಲಾಯಿಸಬೇಕು.

ಈ ಹರಳುಗಳನ್ನು ಉಜ್ಜಿದವರು ಯಾರು? ಬ್ರೆಜಿಲ್ ದೇಶದಿಂದ ಬಂದ ಕಲ್ಲನ್ನು ಅಮೆರಿಕದ ಕಾರ್ಖಾನೆಗಳಲ್ಲಿ ಕತ್ತರಿಸಿ, ಉಜ್ಜಿ, ಅಳೆದು, ಮತ್ತೆ ಉಜ್ಜಿ ಸರಿಯಾದ ಸ್ವರಕ್ಕೆ ತಂದವರಲ್ಲಿ ಬಹಳ ಮಂದಿ ಹೆಂಗಸರು. 1943ರಲ್ಲಿ ನ್ಯೂಯಾರ್ಕಿನ ಒಂದು ಹರಳಿನ ಕಾರ್ಖಾನೆಯಲ್ಲಿ ತೆಗೆದ ಚಿತ್ರವನ್ನು ನಾನು ನೋಡಿದ್ದೇನೆ. ಸಾಲಾಗಿ ಕೂತ ಹೆಂಗಸರು, ತಲೆಗೂದಲು ಎತ್ತಿ ಕಟ್ಟಿ, ಬೆರಳ ತುದಿಯಲ್ಲಿ ಬಿಲ್ಲೆಯನ್ನು ಹಿಡಿದು ಗಾಜಿನ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಾರೆ. ಅಮ್ಮ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದದ್ದು ನೆನಪಾಯಿತು. ಒಂದು ಸುತ್ತು ಹೆಚ್ಚಾದರೆ ಬಿಲ್ಲೆ ಕೆಟ್ಟಿತು, ಮತ್ತೆ ದಪ್ಪ ಮಾಡಲು ಬರುವುದಿಲ್ಲ. ರಣರಂಗದಲ್ಲಿ ಸಿಪಾಯಿ ಆಡಿದ ಮಾತು ಸರಿಯಾದ ಕಿವಿಗೆ ಮುಟ್ಟಿದ್ದು ಹೀಗೆ ಎಷ್ಟೋ ಹೆಂಗಸರ ಬೆರಳಿನ ಹದದಿಂದ.

ಕಲ್ಲಿನಲ್ಲಿ ಬರೆದದ್ದು ಅಳಿಯುವುದಿಲ್ಲ ಎಂದು ನಾವು ಮಾತಿಗೆ ಹೇಳುತ್ತೇವೆ. ಆದರೆ ಕಲ್ಲೂ ಮರೆಯಿತು! ಕಾರ್ಖಾನೆಯಲ್ಲಿ ಸರಿಯಾಗಿದ್ದ ಹರಳುಗಳು ದಾಸ್ತಾನಿನಲ್ಲಿ ಕೂತು ಕೂತು ಸ್ವರ ತಪ್ಪತೊಡಗಿದವು. ಉಜ್ಜಿದ ಮೈ ಕಣ್ಣಿಗೆ ಕಾಣದಷ್ಟು ಒರಟಾಗಿ ಬಿರುಕುಬಿಟ್ಟಿರುತ್ತಿತ್ತು. ತೇವಕ್ಕೆ ಆ ಮೈಯಿಂದ ಸಣ್ಣ ಕಣಗಳು ಕಳಚಿದರೆ ಬಿಲ್ಲೆ ಹಗುರಾಗಿ ಸ್ವರ ಜಾರುತ್ತಿತ್ತು. ಕೊನೆಯ ಹದವನ್ನು ಉಜ್ಜುವ ಬದಲು ಆಮ್ಲದಲ್ಲಿ ಕರಗಿಸಿ ತಂದರೆ ಮೈ ನಯವಾಗಿ, ಸ್ವರ ನಿಲ್ಲುತ್ತದೆ ಎಂದು ಆಮೇಲೆ ಗೊತ್ತಾಯಿತು. ಕಟ್ಟಿಟ್ಟ ವಸ್ತು ಸುಮ್ಮನೆ ಕೂತಲ್ಲೇ ಕೆಡುತ್ತದೆ ಎಂಬುದು ಉಪ್ಪಿನಕಾಯಿ ಭರಣಿ ಕಾಯ್ದ ಯಾವ ಹೆಂಗಸಿಗೂ ಹೊಸ ಸಂಗತಿಯಲ್ಲ.

ಯುದ್ಧ ಮುಗಿದ ಮೇಲೆ ಸೇನೆಯ ಹಳೆಯ ಸಾಮಾನು ಗುಜರಿಗೆ ಬಂತು. ನಮ್ಮ ದೇಶದ ಹ್ಯಾಮ್‌ಗಳೂ ಬಹಳ ಕಾಲ ಅಂಥದ್ದನ್ನೇ ಬಿಚ್ಚಿ ಕಟ್ಟಿಕೊಂಡು ನಡೆಸಿದರು. ಬೆಂಗಳೂರಿನ ಹ್ಯಾಮ್ ಕ್ಲಬ್ ಶುರುವಾದದ್ದು 1959ರಲ್ಲಿ. 1970ರ ದಶಕದಲ್ಲಿ ಹೊರದೇಶಗಳ ಹ್ಯಾಮ್‌ಗಳ ಕೈಗೆ ಸಣ್ಣ ಸೆಟ್ಟುಗಳು ಬಂದಾಗಲೂ ಒಳಗೆ ಹರಳೇ ಇತ್ತು. ಒಂದು ಚಾನೆಲ್ಲಿಗೆ ಎರಡು ಹರಳು. ಕಳಿಸಲು ಒಂದು, ಕೇಳಲು ಒಂದು. ಆರು ಚಾನೆಲ್ ಬೇಕಾದರೆ ಒಂದು ಡಜನ್. ಹೊಸ ಊರಿಗೆ ಹೋಗುವುದಾದರೆ ಅಲ್ಲಿಯ ಹರಳನ್ನು ಅಂಚೆಯಲ್ಲಿ ತರಿಸಿ, ವಾರಗಟ್ಟಲೆ ಕಾದು, ಸೆಟ್ಟು ಬಿಚ್ಚಿ ಹಾಕಬೇಕು.

ಆ ಕಷ್ಟ ನೀಗಿದ್ದು ಒಂದೇ ಹರಳನ್ನು ಆಧಾರಶ್ರುತಿಯಾಗಿ ಇಟ್ಟುಕೊಂಡು ಅದರಿಂದ ನೂರಾರು ಸ್ವರ ಹೊರಡಿಸುವ ವಿದ್ಯೆಯಿಂದ. ಜಪಾನಿನ ಐಕಾಂ ಕಂಪನಿ 1980ರಲ್ಲಿ ಹೊರತಂದ ಐಸಿ-2ಎ ಎಂಬ ಸೆಟ್ಟು ಇದಕ್ಕೆ ಹೆಸರಾಯಿತು. ಅದರ ನೆತ್ತಿಯ ಮೇಲೆ ಬ್ರೀಫ್‌ಕೇಸಿನ ಬೀಗದಲ್ಲಿ ಇರುತ್ತದಲ್ಲ, ಅಂಥ ಮೂರು ಅಂಕಿಚಕ್ರ. ಹೆಬ್ಬೆರಳಲ್ಲಿ ತಿರುಗಿಸಿದರೆ ಬೇಕಾದ ಫ್ರೀಕ್ವೆನ್ಸಿ. ನಾನು ಲೈಸೆನ್ಸ್ ಆದ ಮೇಲೆ ಬೆಂಗಳೂರಿನ ಹಿರಿಯ ಹ್ಯಾಮ್ ಒಬ್ಬರಿಂದ ಕೊಂಡದ್ದು ಅಂಥದ್ದೇ ಒಂದು ಹಳೆಯ ಸೆಟ್ಟು. ಒಂದೂವರೆ ವ್ಯಾಟಿನದು, ಒಂದೇ ಬ್ಯಾಂಡಿನದು. ಬ್ಯಾಟರಿ ಸತ್ತು ಹೋದರೂ ಅದು ಏನನ್ನೂ ಮರೆಯುತ್ತಿರಲಿಲ್ಲ, ಏಕೆಂದರೆ ಅದರ ನೆನಪು ಚಕ್ರದ ಮೇಲೆ ಕಣ್ಣಿಗೆ ಕಾಣುವಂತೆ ನಿಂತಿರುತ್ತಿತ್ತು. ಕತ್ತಲಲ್ಲಿ ಬೆರಳಿನಿಂದ ಎಣಿಸಿಯೂ ತಿರುಗಿಸಬಹುದಿತ್ತು.

ಆಮೇಲೆ ಸೆಟ್ಟಿನೊಳಗೆ ಪುಟ್ಟ ಕಂಪ್ಯೂಟರು ಸೇರಿತು. ಅಂಕಿಗಳ ಗುಂಡಿ ಬಂತು, ಮೆಮೊರಿ ಬಂತು. 1980ರ ದಶಕ ಮುಗಿಯುವ ಹೊತ್ತಿಗೆ ಎರಡು ಬ್ಯಾಂಡಿನ ಸೆಟ್ಟು ಸಾಮಾನ್ಯವಾಯಿತು. ನಮ್ಮ ದೇಶದ ಲೆಕ್ಕದಲ್ಲಿ ಹೇಳುವುದಾದರೆ ಒಂದು 144ರಿಂದ 146 ಮೆಗಾಹರ್ಟ್ಸ್, ಇನ್ನೊಂದು 434ರಿಂದ 438. ಮೊದಲನೆಯದು ಬಯಲಲ್ಲಿ, ಗುಡ್ಡದಲ್ಲಿ ಚೆನ್ನಾಗಿ ಸಾಗುತ್ತದೆ. ಎರಡನೆಯದು ಊರೊಳಗೆ ಕಟ್ಟಡಗಳ ಸಂದಿಯಲ್ಲಿ ನುಸುಳುತ್ತದೆ. ಆದರೆ ಮೊದಮೊದಲ ಸೆಟ್ಟುಗಳಲ್ಲಿ ಈ ಮೆಮೊರಿಯನ್ನು ಕಾಯುತ್ತಿದ್ದದ್ದು ಕುಪ್ಪಸದ ಗುಂಡಿಯಂಥ ಒಂದು ಲಿಥಿಯಂ ಬ್ಯಾಟರಿ. ಹತ್ತಾರು ವರ್ಷಕ್ಕೆ ಅದು ಬರಿದಾದರೆ ಸೆಟ್ಟಿಗೆ ಪೂರ್ತಿ ಮರೆವು. ಮುಂದೆ ವಿದ್ಯುತ್ತಿಲ್ಲದೆಯೂ ನೆನಪಿಡುವ ಚಿಪ್ಪು ಬಂದು ಆ ಕಾಯಿಲೆ ವಾಸಿಯಾಯಿತು.

ಹೊರಮೈ ಮಾತ್ರ ವರ್ಷ ವರ್ಷಕ್ಕೆ ಗಟ್ಟಿಯಾಗುತ್ತ ಬಂತು. 2002ರಲ್ಲಿ ಯೇಸು ಕಂಪನಿ ವಿಎಕ್ಸ್-7ಆರ್ ಎಂಬ ಹಲವು ಬ್ಯಾಂಡಿನ ಸೆಟ್ಟನ್ನು ಮೆಗ್ನೀಷಿಯಂ ಲೋಹದ ಕವಚದಲ್ಲಿ ತಂದಿತು. ಮೂರಡಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಅದು ಕೆಡದು. ಈಗಿನ ಸೆಟ್ಟುಗಳ ಡಬ್ಬಿಯ ಮೇಲೆ 'ಐಪಿ 67' ಎಂದು ಬರೆದಿದ್ದರೆ ಧೂಳು ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅರ್ಥ. ಅದು ಸಿಹಿನೀರಿನ ಲೆಕ್ಕ. ಸಮುದ್ರದ ಉಪ್ಪುನೀರಿಗಾಗಲಿ, ಒಲೆಯ ಮೇಲಿನ ಹಬೆಗಾಗಲಿ ಆ ಭರವಸೆ ಸಲ್ಲದು. ಇನ್ನು 'ಮಿಲಿಟರಿ ದರ್ಜೆ' ಎಂದು ಬರೆದಿರುತ್ತಾರೆ. ಅಮೆರಿಕದ ಸೇನೆಯ ಆ ಪರೀಕ್ಷೆಯಲ್ಲಿ ವಸ್ತುವನ್ನು 122 ಸೆಂಟಿಮೀಟರ್ ಎತ್ತರದಿಂದ ಇಪ್ಪತ್ತಾರು ಸಲ ಬೀಳಿಸುತ್ತಾರೆ: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಆದರೆ ಆ ಇಪ್ಪತ್ತಾರು ಪೆಟ್ಟನ್ನು ಐದು ಸೆಟ್ಟುಗಳಿಗೆ ಹಂಚಲೂ ನಿಯಮದಲ್ಲಿ ಅವಕಾಶವಿದೆ! ಒಂದೇ ಸೆಟ್ಟು ಅಷ್ಟನ್ನೂ ತಿಂದಿದೆ ಎಂದು ನಂಬಿ ಮಕ್ಕಳ ಕೈಗೆ ಕೊಡಬೇಡಿ.

ನೀರನ್ನು ತಡೆಯುವುದು ಮೆಗ್ನೀಷಿಯಮ್ಮೂ ಅಲ್ಲ, ಮಿಲಿಟರಿಯೂ ಅಲ್ಲ, ಒಂದು ರಬ್ಬರಿನ ಉಂಗುರ. ಕುಕ್ಕರು ಇರುವ ಮನೆಯಲ್ಲಿ ಇದನ್ನು ವಿವರಿಸಬೇಕಿಲ್ಲ. ಪಾತ್ರೆ ಇಪ್ಪತ್ತು ವರ್ಷ ಬರುತ್ತದೆ, ಗ್ಯಾಸ್ಕೆಟ್ಟು ಎರಡು ವರ್ಷ ಬಂದರೆ ಹೆಚ್ಚು. ಸೆಟ್ಟಿನ ಬ್ಯಾಟರಿ ಬಾಗಿಲಿನ ಗ್ಯಾಸ್ಕೆಟ್ಟಿಗೂ ಒಂದು ತಲೆಗೂದಲು ಸಿಕ್ಕಿಕೊಂಡರೆ ಸಾಕು, ನೀರಿಗೆ ದಾರಿಯಾಯಿತು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ವರ್ಷಗಟ್ಟಲೆ ಇಟ್ಟರೆ ಅದೂ ಸಾಯುತ್ತದೆ. ಆಂಟೆನಾ ಹಿಡಿದು ಸೆಟ್ಟನ್ನು ಎತ್ತಿದರೆ, ಕಿವಿ ಹಿಡಿದು ಮಗುವನ್ನು ಎತ್ತಿದ ಹಾಗೆ, ಬುಡ ಸಡಿಲವಾಗುತ್ತದೆ. ನಮ್ಮ ಸೆಟ್ಟುಗಳು ಹೆಚ್ಚಾಗಿ ಕೆಡುವುದು ಇಂಥ ಸಣ್ಣ ಕಾರಣಗಳಿಂದ.

2012ರ ಸುಮಾರಿಗೆ ಚೀನಾದ ಬಾವೊಫೆಂಗ್ ಯುವಿ-5ಆರ್ ಬಂದು ಎರಡು ಬ್ಯಾಂಡಿನ ಸೆಟ್ಟು ಬಹಳ ಅಗ್ಗವಾಯಿತು. ಅದರಲ್ಲಿ 128 ಮೆಮೊರಿ. ಅಷ್ಟನ್ನೂ ಗುಂಡಿ ಒತ್ತಿ ತುಂಬುವುದು ತಲೆನೋವು. ಡ್ಯಾನ್ ಸ್ಮಿತ್ ಎಂಬ ಅಮೆರಿಕದ ಹ್ಯಾಮ್ 2008ರಲ್ಲಿ ಶುರುಮಾಡಿದ 'ಚಿರ್ಪ್' ಎಂಬ ಉಚಿತ ಕಂಪ್ಯೂಟರ್ ಪ್ರೋಗ್ರಾಮು ಇಲ್ಲಿ ಒದಗಿ ಬಂತು. ಒಂದು ಕೇಬಲ್ ಸಿಕ್ಕಿಸಿ ಪಟ್ಟಿಯನ್ನು ಟೈಪು ಮಾಡಿದರೆ ಎರಡು ನಿಮಿಷದಲ್ಲಿ ಎಲ್ಲ ಚಾನೆಲ್ಲೂ ಸೆಟ್ಟಿನೊಳಗೆ. ವರ್ಷಕ್ಕೊಮ್ಮೆ ದೀಪಾವಳಿಗೆ ಬಂದಾಗ ನನ್ನ ಹೊಸ ಸೆಟ್ಟಿಗೆ ಮಗನೇ ಅದನ್ನು ತುಂಬಿಕೊಟ್ಟು ಹೋಗುತ್ತಿದ್ದ. ನಾನು ಚಾನೆಲ್ಲಿನ ಹೆಸರು ನೋಡಿ ಮಾತಾಡುತ್ತಿದ್ದೆ. ಅದರ ಹಿಂದಿನ ಸಂಖ್ಯೆ ಏನು ಎಂದು ಕೇಳಲು ಹೋಗಲಿಲ್ಲ.

ಇಷ್ಟರ ಮೇಲೆ 2019ರ ಆಗಸ್ಟ್ ಮಳೆ ಬಂತು. ನಮ್ಮದು ಮಲೆನಾಡಿನ ಅಂಚಿನ ಊರು. ಅಕ್ಕನ ಮನೆ ಗುಡ್ಡದಾಚೆಯ ಹಳ್ಳಿಯಲ್ಲಿ. ಅಮ್ಮ ಆಗ ಅಲ್ಲಿದ್ದರು. ಧರೆ ಕುಸಿದು ರಸ್ತೆ ಮುಚ್ಚಿತು, ಕರೆಂಟು ಹೋಯಿತು, ಮರುದಿನ ಫೋನೂ ಸತ್ತಿತು. ಅಮ್ಮನಿಗೆ ಬಿಪಿ ಮಾತ್ರೆ ಒಂದು ದಿನವೂ ತಪ್ಪುವ ಹಾಗಿಲ್ಲ. ಅದೇ ಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹ್ಯಾಮ್ ಇದ್ದರು. ಗುಡ್ಡದ ಮೇಲಿನ ನಮ್ಮ ರಿಪೀಟರಿಗೆ ಬ್ಯಾಟರಿ ಇತ್ತು. ರಿಪೀಟರ್ ಎಂದರೆ ಒಬ್ಬರ ಮಾತನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಆ ಕ್ಷಣವೇ ಇನ್ನೊಂದರಲ್ಲಿ ಸುತ್ತಲ ಊರುಗಳಿಗೆ ಕೂಗಿ ಹೇಳುವ ಯಂತ್ರ.

ಗಾಡ್ರೆಜ್ ಬೀರುವಿನಿಂದ ಸೆಟ್ಟು ತೆಗೆದೆ. ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ಮೈಮೇಲೆ ಒಂದು ಗೀರೂ ಇಲ್ಲ. ಪಕ್ಕದ ಅಂಗಡಿಯ ಜನರೇಟರಿನಲ್ಲಿ ಚಾರ್ಜು ಮಾಡಿ ತಂದು, ಗಡಿಬಿಡಿಯಲ್ಲಿ ಯಾವುದೋ ಗುಂಡಿಯನ್ನು ಅದುಮಿ ಹಿಡಿದೇ ಸ್ವಿಚ್ಚು ತಿರುಗಿಸಿದೆ. ಪರದೆಯ ಮೇಲೆ ಏನೋ ಕೇಳಿತು, ಸರಿ ಎಂದು ಒತ್ತಿದೆ. ಅಷ್ಟೇ. ಸೆಟ್ಟು ಕಾರ್ಖಾನೆಯಿಂದ ಬಂದ ದಿನದಷ್ಟು ಹಸುಳೆಯಾಯಿತು. ಒಂದು ಚಾನೆಲ್ಲೂ ಇಲ್ಲ. ಕೇಬಲ್ಲೂ ಪಟ್ಟಿಯೂ ಮಗನ ಬಳಿ, ಮಗ ಬೆಂಗಳೂರಿನಲ್ಲಿ.

ರಿಪೀಟರಿನ ಫ್ರೀಕ್ವೆನ್ಸಿಯೊಂದು ಹಳೆಯ ಅಂಕಿಚಕ್ರದ ಕಾಲದಿಂದ ಬೆರಳಿಗೆ ನೆನಪಿತ್ತು. ಒತ್ತಿದೆ. ಮಾತು ಕೇಳಿಸಿತು. ಕೇಳಿಸಿದ್ದು ಮೇಷ್ಟ್ರ ದನಿಯೇ. ಅವರು ನನ್ನ ಕಾಲ್ ಸೈನನ್ನೇ ಕೂಗುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ. ಗುಂಡಿ ಒತ್ತಿ ಉತ್ತರ ಕೊಟ್ಟೆ. ಅವರಿಗೆ ಮುಟ್ಟಲಿಲ್ಲ. ಅವರು ಮತ್ತೆ ಕೂಗಿದರು, ಸ್ವಲ್ಪ ಹೊತ್ತು ಸುಮ್ಮನಾದರು, ಮತ್ತೆ ಕೂಗಿದರು. ಬಾಗಿಲಿನ ಈಚೆ ನಿಂತು ಒಳಗಿನವರ ಮಾತು ಕೇಳುತ್ತ, ಬಾಗಿಲು ತಟ್ಟಿದರೆ ಅವರಿಗೆ ಕೇಳದಿದ್ದರೆ ಹೇಗಾಗಬೇಡ!

ರಿಪೀಟರಿನ ಬಾಗಿಲು ತೆರೆಯಲು ಮೂರು ಸಂಖ್ಯೆ ಬೇಕು. ಕೇಳುವ ಫ್ರೀಕ್ವೆನ್ಸಿ ಒಂದು. ಕಳಿಸುವಾಗ ಅಲ್ಲಿಂದ ಎಷ್ಟು ಕೆಳಗೆ ಜಾರಬೇಕು ಎಂಬುದು ಎರಡನೆಯದು. ಈ ಬ್ಯಾಂಡಿನಲ್ಲಿ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಮೂರನೆಯದು ಟೋನು. ನಮ್ಮ ಮಾತಿನ ಅಡಿಯಲ್ಲಿ ಕಿವಿಗೆ ಬೀಳದ ಹಾಗೆ ಒಂದು ಮಂದ್ರಸ್ವರ ಸದಾ ಹೋಗುತ್ತಿರಬೇಕು. ಮನೆಯವರು ಬಾಗಿಲು ತಟ್ಟುವ ರೀತಿಯೇ ಬೇರೆ ಇರುತ್ತದಲ್ಲ, ಹಾಗೆ. ಆ ಸ್ವರ ಕೇಳದಿದ್ದರೆ ರಿಪೀಟರು ಪರಕೀಯರೆಂದು ಬಾಗಿಲು ತೆರೆಯುವುದಿಲ್ಲ. ನನಗೆ ಟೋನು ನೆನಪಿರಲಿಲ್ಲ.

ಮೇಜು, ಡ್ರಾಯರು, ಟ್ರಂಕು ಎಲ್ಲ ತಡಕಿದೆ. ಕೊನೆಗೆ ಸಿಕ್ಕಿದ್ದು ಹಾಲಿನ ಲೆಕ್ಕದ ಹಳೆಯ ಪುಸ್ತಕದಲ್ಲಿ. ಯಾವತ್ತೋ ಟೋನು ಬದಲಾಯಿಸಿದ್ದನ್ನು ಯಾರೋ ರೇಡಿಯೋದಲ್ಲಿ ಹೇಳಿದಾಗ ಕೈಗೆ ಸಿಕ್ಕಿದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದೆ. ಅರ್ಧ ಲೀಟರು, ಮುಕ್ಕಾಲು ಲೀಟರು, ಅದರ ಕೆಳಗೆ ಟೋನು. ಟಾರ್ಚಿನ ಬೆಳಕಿನಲ್ಲಿ ಸೆಟ್ಟಿನ ಕೈಪಿಡಿ ಓದುತ್ತ ಮೆನುವಿನೊಳಗೆ ಹೊಕ್ಕು ಅದನ್ನು ತುಂಬಿಸುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ನನ್ನ ಕಾಲ್ ಸೈನ್ ಹೇಳಿದೆ. ಆ ಕಡೆಯಿಂದ ಬಂದ ಮೊದಲ ಮಾತು, "ಎಲ್ಲಿ ಹೋಗಿದ್ರಿ ತಾಯಿ? ನಿಮ್ಮಮ್ಮ ಚೆನ್ನಾಗಿದಾರೆ. ಮಾತ್ರೆ ನಾಳೆ ಒಂದು ದಿನಕ್ಕಿದೆ." ಮಾರನೆಯ ದಿನ ಕರೆಂಟಿನ ಕಂಬ ನೋಡಲು ಕಾಲುದಾರಿಯಲ್ಲಿ ಹೊರಟ ಲೈನ್‌ಮನ್ ಕೈಯಲ್ಲಿ ಮಾತ್ರೆ ಹೋಯಿತು.

ಆ ರಾತ್ರಿ ನನಗೆ ಭಾರತಿ ಪ್ರಸಾದ್ ನೆನಪಾದರು. ಹ್ಯಾಮ್ ಲೋಕದಲ್ಲಿ ಅವರ ಹೆಸರು ತಿಳಿಯದವರಿಲ್ಲ. 2004ರ ಡಿಸೆಂಬರಿನಲ್ಲಿ ಅವರು ಅಂಡಮಾನಿನಿಂದ ಲೋಕದ ಹ್ಯಾಮ್‌ಗಳ ಜೊತೆ ಮಾತಾಡಲು ಪೋರ್ಟ್ ಬ್ಲೇರಿಗೆ ಹೋಗಿದ್ದರು. 26ನೆಯ ತಾರೀಕು ಸುನಾಮಿ ಬಂತು. ಹವ್ಯಾಸಕ್ಕೆ ಒಯ್ದ ಸೆಟ್ಟಿನಿಂದಲೇ ಅವರು ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದರು, ಕಾಣೆಯಾದವರ ವಿಚಾರ ತಿಳಿಸಿದರು. ಅವರ ಸೆಟ್ಟು ಕೈಸೆಟ್ಟಲ್ಲ, ದೂರದ ಅಲೆಗಳದು. ಆದರೆ ಹಿಂದಿನ ಸಂಜೆಯವರೆಗೂ ಅದನ್ನು ದಿನವೂ ಬಳಸುತ್ತಿದ್ದ ಕೈ ಅವರದು. ಅವರದು ಬೀರುವಿನಲ್ಲಿ ಕೂತ ಸೆಟ್ಟಾಗಿರಲಿಲ್ಲ.

ನನ್ನ ಸೆಟ್ಟು ಗಟ್ಟಿ ಇತ್ತು. ನೆನೆಯಲಿಲ್ಲ, ಬೀಳಲಿಲ್ಲ, ಒಡೆಯಲಿಲ್ಲ. ಕೆಟ್ಟದ್ದು ಅದಲ್ಲ. ಕಲ್ಲಿನ ಕಾಲದಲ್ಲಿ ಫ್ರೀಕ್ವೆನ್ಸಿಯನ್ನು ಬೆರಳು ಬಲ್ಲುದಾಗಿತ್ತು, ಚಕ್ರದ ಕಾಲದಲ್ಲಿ ಹೆಬ್ಬೆರಳು ಬಲ್ಲುದಾಗಿತ್ತು. ಕೇಬಲ್ಲಿನ ಕಾಲದಲ್ಲಿ ಅದು ಮಗನ ಕಂಪ್ಯೂಟರಿಗೆ ಗೊತ್ತಿತ್ತು. ಕೆಲಸ ಹಗುರಾಯಿತು ಎಂದು ನಾನೇ ಸಂತೋಷವಾಗಿ ಬಿಟ್ಟುಕೊಟ್ಟಿದ್ದೆ.

ಈಗ ಪ್ರತಿ ಭಾನುವಾರ ಸಂಜೆ ಸೆಟ್ಟು ಚಾಲೂ ಮಾಡಿ ಮೇಷ್ಟ್ರಿಗೆ ನಮಸ್ಕಾರ ಹೇಳುತ್ತೇನೆ. ತಿಂಗಳಿಗೊಮ್ಮೆ, ಕುಕ್ಕರಿನ ಗ್ಯಾಸ್ಕೆಟ್ಟು ತೆಗೆದು ಒರೆಸುವ ದಿನ, ಸೆಟ್ಟಿನದನ್ನೂ ಒರೆಸುತ್ತೇನೆ. ಆಮೇಲೆ ನಾನೇ ಒಂದು ಚಾನೆಲ್ಲನ್ನು ಅಳಿಸಿ, ಕನ್ನಡಕ ಏರಿಸಿಕೊಂಡು, ಮೂರು ಸಂಖ್ಯೆಯನ್ನೂ ಮತ್ತೆ ಕೈಯಿಂದ ತುಂಬುತ್ತೇನೆ. ಮೊದಮೊದಲು ಹತ್ತು ನಿಮಿಷ ಹಿಡಿಯುತ್ತಿತ್ತು. ಈಗ ಅನ್ನ ಮೂರು ವಿಷಲ್ ಕೂಗುವುದರೊಳಗೆ ಮುಗಿಯುತ್ತದೆ. ಚೀಟಿ ನೋಡದೆಯೇ ಬರುತ್ತದೆ ಎಂದು ಎದುರು ಮನೆಯವರಿಗೆ ಹೇಳಿದೆ. "ಹಾಗಾದ್ರೆ ಕಿತ್ತುಹಾಕ್ರೀ ಅದನ್ನ, ಬಾಗಿಲು ಅಂದ ಕೆಡ್ತದೆ" ಎಂದರು. ಕಿತ್ತುಹಾಕಿಲ್ಲ. ಕಲ್ಲಿಗೇ ಮರೆವು ಬರುವುದಾದರೆ ನನ್ನದೇನು.